ಅತ್ತೆಗೆ ಎರಡು ಕಡೆ ಊಟ

ಜನವರಿ 11, ರಾತ್ರಿ

ಅತ್ತೆಗೆ ತಿಂಡಿ ಕೊಟ್ಟೆ. ಮಾತ್ರೆ ಕೊಟ್ಟೆ. ಬೈಸಿಕೊಂಡೆ. ಲ್ಯಾಬಿಗೆ ಬಂದು ಬಾಟಲಿಗಳಲ್ಲಿನ ಜೀವಕೋಶಗಳಿಗೆ ಊಟ ಕೊಟ್ಟೆ. ಇವು ಬೈಯುವುದಿಲ್ಲ. ಬಾಟಲಿಯ ತಳಕ್ಕೆ ಅಂಟಿಕೊಂಡು, ಮೇಲೆ ಸುರಿದ ಗುಲಾಬಿ ಬಣ್ಣದ ನೀರು ಕುಡಿದು, ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ವಯಸ್ಸಾದ ಮೇಲೆ ನಿಂತುಬಿಡುತ್ತವೆ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಅಗಲವಾಗಿ ಬಿದ್ದುಕೊಂಡು ಅಕ್ಕಪಕ್ಕದವನ್ನೂ ಹಾಳು ಮಾಡುತ್ತವೆ. ಮುದಿ ಜೀವಕೋಶ ಎಂದರೇನು ಎಂದು ಹೊಸಬರಿಗೆ ಹೇಳಿಕೊಡುವಾಗೆಲ್ಲ ನನಗೆ ನಮ್ಮ ಮನೆಯ ಹಾಲ್ ನೆನಪಾಗುತ್ತದೆ.

ಮಧ್ಯಾಹ್ನ ಡೈರೆಕ್ಟರ್ ಕರೆಸಿದರು.

“ಮೇಡಂ, ಇಲಿ ಚರ್ಮ ಸಾಕು. ಮನುಷ್ಯರದ್ದು ತೋರಿಸಿ. ಎಂಬತ್ತು ದಾಟಿದವರದ್ದು. ಜೂನ್‌ನಲ್ಲಿ ದುಡ್ಡು ಹಾಕೋರು ಬರ್ತಾರೆ. ಅವರಿಗೆ ಏನೂ ತೋರಿಸೋಕೆ ಇಲ್ಲಾಂದ್ರೆ ನಿಮ್ಮ ಹದಿನೇಳಕ್ಕೆ ಬೀಗ.”

ಹದಿನೇಳು — ನನ್ನ ಔಷಧ. ಹಿಂದಿನ ಹದಿನಾರು ಸತ್ತವು. ಇದು ಇಲಿಯ ಮುದಿ ಚರ್ಮವನ್ನು ಎಳೆಯದು ಮಾಡಿದೆ. ಇದೂ ಹೋದರೆ ಲ್ಯಾಬ್ ಹೋಯಿತು. ಲ್ಯಾಬ್ ಹೋದರೆ ಉಳಿಯುವುದು ಮನೆ. ಮನೆಯಲ್ಲಿ ಅತ್ತೆ. ಇಡೀ ದಿನ.

ಎಂಬತ್ತು ದಾಟಿದ ಚರ್ಮ ಎಲ್ಲಿಂದ ತರಲಿ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ. ಮನೆಗೆ ಬಂದು ಬಾಗಿಲು ತೆಗೆದರೆ, ಎದುರಿಗೇ ಸೋಫಾ ಮೇಲೆ ಎಂಬತ್ತೊಂದು ವರ್ಷ ಕೂತು ಟೀವಿ ನೋಡುತ್ತಿತ್ತು.

ಜನವರಿ 14

ಕೇಳಿದೆ. ತೋಳಿನ ಒಳಭಾಗದಿಂದ ಚೂರು ಚರ್ಮ, ಮೆಣಸಿನ ಕಾಳಿನಷ್ಟು, ನೋವಾಗದ ಹಾಗೆ ಇಂಜೆಕ್ಷನ್ ಕೊಟ್ಟೇ ತೆಗೆಯುತ್ತಾರೆ ಎಂದೆಲ್ಲ ಹೇಳಿದೆ.

“ನನ್ನ ಚರ್ಮ ಸುಲಿದು ನಿಮಗೆ ಚಪ್ಪಲಿ ಮಾಡಿಸಿಕೊಡ್ತೀನಿ ಅಂತ ಸೊಸೆ ಅತ್ತೆಗೆ ಹೇಳಬೇಕು ಕಣೇ. ಇಲ್ಲಿ ಉಲ್ಟಾ. ಅತ್ತೆ ಚರ್ಮವೇ ಬೇಕಂತೆ.”

“ಚೂರೇ ಚೂರು ಅತ್ತೆ.”

“ನಂದೇ ಯಾಕೆ? ನಿಮ್ಮಮ್ಮಂದು ತಗೋ.”

“ಅಮ್ಮ ಹೋಗಿ ಆರು ವರ್ಷ ಆಯ್ತು.”

“ಗೊತ್ತು,” ಎಂದರು. ಗೊತ್ತಿದ್ದೇ ಅಂದದ್ದು.

ಇವರು ಪೇಪರ್ ಹಿಂದೆ ಕೂತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಂಡ. ಇಪ್ಪತ್ತೆರಡು ವರ್ಷ ಪೇಪರ್ ಹಿಂದೆಯೇ ಸಂಸಾರ ಮಾಡಿದ್ದಾರೆ.

ಕೊನೆಗೆ ಅತ್ತೆ ಒಪ್ಪಿದ್ದು ಒಂದೇ ಮಾತಿಗೆ. “ನಿಮ್ಮ ಚರ್ಮ ನಿಮ್ಮ ವಯಸ್ಸಿನವರಲ್ಲಿ ಯಾರಿಗೂ ಇಲ್ಲ ಅತ್ತೆ,” ಎಂದೆ. ಗೋಡೆಯ ಮೇಲಿನ ಫೋಟೊ ಕಡೆ ನೋಡಿದರು. ಇಪ್ಪತ್ತರ ವಯಸ್ಸಿನದು. ಸ್ಟುಡಿಯೋದವನು ಅತ್ತೆಯನ್ನು ಕೇಳದೇ ಶೋಕೇಸಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದನಂತೆ. ಈ ಕಥೆ ನಾನು ಮದುವೆಯಾಗಿ ಬಂದ ದಿನವೇ ಕೇಳಿದ್ದೆ. ಅದರ ಬೆನ್ನಿಗೇ ನನ್ನ ಮುಖ ನೋಡಿ, “ಪರವಾಗಿಲ್ಲ, ಓದಿದ್ದಾಳಲ್ಲ,” ಎಂದಿದ್ದರು.

ಜನವರಿ 19

ಇಬ್ಬರದೂ ತೆಗೆಸಿದೆ. ಅತ್ತೆಯದು, ನನ್ನದು. ಮುದಿ ಚರ್ಮದ ಪಕ್ಕ ಹೋಲಿಸಿ ನೋಡಲು ಕಿರಿಯ ಚರ್ಮ ಬೇಕಲ್ಲ.

ಕ್ಲಿನಿಕ್ಕಿನ ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು, “ಕಿರಿಯದು ಅಂದ್ರೆ... ನಿಮ್ಮದಾ?” ಎಂದರು.

ನಲವತ್ತಾರು. ಎಂಬತ್ತೊಂದರ ಮುಂದೆ ಕಿರಿಯದೇ. ಆದರೆ ಅವರು “ನಿಮ್ಮದಾ” ಎಂದು ಎಳೆದದ್ದು ಅತ್ತೆಗೆ ಕೇಳಿಸಿತು. ಕಿವಿ ಬೇರೆಯದಕ್ಕೆಲ್ಲ ಮಂದ. ಕಾರಿನಲ್ಲಿ ಮನೆಯವರೆಗೂ ನಕ್ಕರು. “ಡಾಕ್ಟ್ರಿಗೇ ಡೌಟ್ ಬಂತಲ್ಲೇ!”

ಫೆಬ್ರವರಿ 8, ಬೆಳಿಗ್ಗೆ

ಎರಡೂ ಹಿಡಿದುಕೊಂಡಿವೆ. ಚರ್ಮದ ಚೂರಿನ ಅಂಚಿನಿಂದ ಜೀವಕೋಶಗಳು ಹೊರಗೆ ತೆವಳುತ್ತಿವೆ. ನನ್ನವು ಸಣ್ಣ, ಉದ್ದ, ಹೊಳಪು. ಅತ್ತೆಯವು ದಪ್ಪ, ನಿಧಾನ, ಜಾಗ ಬಿಡುವುದಿಲ್ಲ. ಹೆಸರು ಬರೆಯದಿದ್ದರೂ ಗುರುತಿಸುತ್ತೇನೆ.

ಈಗ ಅತ್ತೆಗೆ ಎರಡು ಕಡೆ ಊಟ. ಮನೆಯಲ್ಲಿ ಒಂದು, ಲ್ಯಾಬಿನಲ್ಲಿ ಒಂದು. ಭಾನುವಾರವೂ ರಜ ಇಲ್ಲ. ಒಂದೇ ವ್ಯತ್ಯಾಸ — ಇಲ್ಲಿ ಊಟ ಸಾಲದಿದ್ದರೆ ನೀರು ಹಳದಿಯಾಗುತ್ತದೆ, ಅಷ್ಟೇ. ಅಲ್ಲಿ ಬೈಗುಳ ನನ್ನ ತವರಿನವರೆಗೂ ಹೋಗುತ್ತದೆ.

ಮಾರ್ಚ್ 2

ಹದಿನೇಳು ಶುರು. ಮೂರು ಬಾಟಲಿ. ಒಂದು “ಅತ್ತೆ” — ಔಷಧ ಇಲ್ಲದ್ದು. ಇನ್ನೊಂದು “ಅತ್ತೆ-17” — ಔಷಧ ಹಾಕಿದ್ದು. ಮೂರನೆಯದು “ನಾನು” — ಔಷಧ ಇಲ್ಲ. ಹತ್ತು ದಿನ ಔಷಧ, ಆಮೇಲೆ ನಿಲ್ಲಿಸಿ ನೋಡುವುದು.

ಕ್ರೀಮ್ ಮಾಡುವ ವಿಭಾಗದ ಮುಲಾಮು (ಹೆಸರು ನಾವಿಟ್ಟದ್ದು. ಮನುಷ್ಯನೂ ಹಾಗೆಯೇ, ಎಲ್ಲಿ ಬೇಕಾದರೂ ಸವರಿಕೊಳ್ಳುತ್ತಾನೆ) ಇಣುಕಿ ಕೇಳಿದ. “ನಾಲ್ಕನೇದು ಬೇಡ್ವಾ ಮೇಡಂ? ನಿಮ್ಮದಕ್ಕೂ ಹದಿನೇಳು ಹಾಕಿ ನೋಡ್ಬೇಕಲ್ವಾ?”

“ನನ್ನದಕ್ಕೆ ಯಾಕ್ರೀ? ನಾನೇನು ಮುದುಕಿನಾ?”

ಬಾಯಿ ಮುಚ್ಚಿಕೊಂಡು ಹೋದ. ನಾಲ್ಕನೆಯದು ಮಾಡಲಿಲ್ಲ.

ಮಾರ್ಚ್ 12

ಹದಿನೇಳು ನಿಲ್ಲಿಸಿ ಮೂರೂ ಬಾಟಲಿಯವರನ್ನು ಹೊಸ ಬಾಟಲಿಗೆ ವರ್ಗಾಯಿಸಿದೆ. ಅದೇ ಹೊತ್ತಿಗೆ ಅತ್ತೆಯ ಫೋನ್. ಇವತ್ತು ಮೂರನೇ ಸಲ. ಎತ್ತದಿದ್ದರೆ ಇವರ ಆಫೀಸಿಗೆ ಹೋಗುತ್ತದೆ, ಸಂಜೆ ಪಂಚಾಯ್ತಿ ಆಗುತ್ತದೆ. ಸ್ಪೀಕರಿಗೆ ಹಾಕಿದೆ. ಕೈ ಗಾಜಿನ ಗೂಡಿನ ಒಳಗೆ, ಕಿವಿ ಹೊರಗೆ.

“ರಿಮೋಟ್ ಎಲ್ಲಿಟ್ಟೆ?”

“ದಿಂಬಿನ ಕೆಳಗೆ ನೋಡಿ ಅತ್ತೆ.”

“ಇಲ್ಲ. ಬೇಕಂತಲೇ ಬಚ್ಚಿಟ್ಟಿದ್ದೀಯ.”

“ನನಗೆ ಬೇರೆ ಕೆಲಸ ಇಲ್ವಾ ಅತ್ತೆ?”

“ಇದ್ದಿದ್ರೆ ಮುಖ ಇಷ್ಟು ಒಣಗ್ತಿರ್ಲಿಲ್ಲ.”

ಮುಚ್ಚಳಗಳನ್ನು ಹಾಕಿದೆ, ಬಾಟಲಿಗಳನ್ನು ಬೆಚ್ಚಗಿನ ಪೆಟ್ಟಿಗೆಗೆ ಸೇರಿಸಿದೆ. ಅವಸರಕ್ಕೆ ಹೆಸರನ್ನು ಬಾಟಲಿಯ ಮೇಲಲ್ಲ, ಮುಚ್ಚಳದ ಮೇಲೆ ಬರೆದಿದ್ದೆ. ಹೊಸಬರು ಹೀಗೆ ಮಾಡಿದರೆ ಎಲ್ಲರೆದುರು ನಿಲ್ಲಿಸಿ ಉಗಿಯುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇರಲಿ, ನನ್ನ ಕೈ ಇದುವರೆಗೆ ತಪ್ಪಿಲ್ಲ.

ರಿಮೋಟ್ ಅವರ ತೊಡೆಯ ಮೇಲೇ ಇತ್ತಂತೆ.

ಮಾರ್ಚ್ 27, ಮಧ್ಯಾಹ್ನ

ಆಯಿತು. ಆಯಿತು!

“ಅತ್ತೆ-17” — ಎಳೆ ಮಕ್ಕಳ ಹಾಗೆ. ಸಣ್ಣ, ಉದ್ದ, ಹೊಳಪು. ಬಾಟಲಿ ತುಂಬಿಬಿಟ್ಟಿದೆ. ಮುದಿ ಕೋಶವನ್ನು ನೀಲಿ ಮಾಡುವ ಬಣ್ಣ ಹಾಕಿದೆ, ಒಂದೂ ನೀಲಿಯಾಗಲಿಲ್ಲ. ಔಷಧ ಇಲ್ಲದ “ಅತ್ತೆ” ಅರ್ಧಕ್ಕರ್ಧ ನೀಲಿ. ಎಂಬತ್ತೊಂದು ವರ್ಷದ ಚರ್ಮ ಹತ್ತು ದಿನದಲ್ಲಿ ಹರೆಯಕ್ಕೆ ಬಂತು. ಕೂಗಬೇಕು ಅನ್ನಿಸಿತು. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ “ನಾನು” ನೋಡಿದೆ.

ನೋಡಬಾರದಿತ್ತು. ಅತ್ತೆಯ ಔಷಧ ಇಲ್ಲದ ಬಾಟಲಿಗಿಂತ ಕಡೆ. ಮೊದಲು ಊದಿಕೊಂಡು, ಈಗ ಹರಿದುಹೋಗಿ, ತಳ ಬಿಟ್ಟು ತೇಲುತ್ತಿವೆ. ಉಳಿದದ್ದೆಲ್ಲ ನೀಲಿ. ಫೆಬ್ರವರಿಯಲ್ಲಿ ಅಷ್ಟು ಚೆನ್ನಾಗಿದ್ದವು. ನಲವತ್ತಾರು ವರ್ಷ! ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಇದ್ದದ್ದಕ್ಕೆ ಹೀಗಾಯಿತೋ ಏನೋ. ಅತ್ತೆ ಹೇಳುವುದೇ ನಿಜವೇ? ಒಳಗೆ ನಾನು ಅವರಿಗಿಂತ ಹಳಬಳೇ?

ಇದನ್ನು ಡೈರೆಕ್ಟರ್ ನೋಡಿದರೆ, ಮುಲಾಮು ನೋಡಿದರೆ, ನಾಳೆ ಕ್ಯಾಂಟೀನ್‌ನಲ್ಲಿ ನಾನೇ ಚಹಾದ ಜೊತೆ ಬಿಸ್ಕತ್ತು.

ಬ್ಲೀಚ್ ಸುರಿದೆ. ಸಿಂಕಿಗೆ ಬಿಟ್ಟೆ. “ನಾನು — ಫಂಗಸ್ ಬಂತು, ಎಸೆಯಲಾಗಿದೆ” ಎಂದು ಬರೆದೆ. ಬರೆಯುವಾಗ ಅವಮಾನ ಬಿಟ್ಟರೆ ಬೇರೇನೂ ಅನ್ನಿಸಲಿಲ್ಲ.

ಏಪ್ರಿಲ್ 3

ಡೈರೆಕ್ಟರ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೊಲ್ಲರು. “ಇದು ಎಂಬತ್ತೊಂದು ವರ್ಷದ್ದಾ! ಯಾರ್ರೀ ಈ ಮಹಾತಾಯಿ?”

“ನಮ್ಮ ಅತ್ತೆ.”

ಎಷ್ಟು ನಕ್ಕರೆಂದರೆ ಕೆಮ್ಮು ಬಂತು.

ಏಪ್ರಿಲ್ 22, ಸಂಜೆ

ಮುಲಾಮು ಕ್ರೀಮಿನಲ್ಲಿ ಹದಿನೇಳು ಕಲಸಿದ್ದಾನೆ. ಬಿಳಿ ಡಬ್ಬಿ. ಕೆಡುತ್ತದೋ ಇಲ್ಲವೋ ನೋಡಲು ಮಾತ್ರ, ಮನುಷ್ಯರಿಗೆ ಹಚ್ಚಲು ಕಮಿಟಿ ಒಪ್ಪಬೇಕು, ಅದಕ್ಕೆ ವರ್ಷ. ಜೂನ್‌ಗೆ ಎರಡು ತಿಂಗಳೂ ಇಲ್ಲ.

ಒಂದು ಡಬ್ಬಿ ಮನೆಗೆ ತಂದೆ. ಬೇಜವಾಬ್ದಾರಿ ಎಂದು ಯಾರೂ ಹೇಳುವ ಹಾಗಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ, ಎದುರಿಗೇ ಇಟ್ಟೆ. “ಅತ್ತೆ, ಇದನ್ನ ಮಾತ್ರ ಮುಟ್ಟಬೇಡಿ. ನಿಮ್ಮ ಚರ್ಮದಿಂದ ಕಂಡುಹಿಡಿದಿದ್ದು, ತುಂಬಾ ಬೆಲೆಬಾಳೋದು,” ಎಂದೂ ಹೇಳಿದೆ.

ಅತ್ತೆಗೆ ಮುಟ್ಟಬೇಡಿ ಎಂದರೆ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತು.

ಏಪ್ರಿಲ್ 24

ಡಬ್ಬಿಯಲ್ಲಿ ಬೆರಳಿನ ಗುರುತು. ಕಳ್ಳ ಬೆಕ್ಕು.

ಮೇ 6, ಬೆಳಿಗ್ಗೆ

ದಿನಾ ಇಳಿಯುತ್ತಿದೆ. ಅತ್ತೆ ನಿದ್ದೆ ಹೋದಾಗ ಫೋಟೊ ತೆಗೆಯುತ್ತೇನೆ, ಒಂದೇ ಬೆಳಕು, ಒಂದೇ ಕೋನ. ಕಣ್ಣಿನ ಪಕ್ಕದ ಗೆರೆಗಳು ತುಂಬಿಕೊಂಡಿವೆ. ಕೆನ್ನೆ ಕೆಂಪಗೆ, ಉಬ್ಬಿ, ನಯ. ಮೇಲಿನ ಮನೆಯವರು ಬಂದು, “ಅಮ್ಮಾ, ಏನ್ ಹಚ್ತೀರಾ ಮುಖಕ್ಕೆ?” ಎಂದರು.

“ಏನೂ ಇಲ್ಲಪ್ಪ. ನೀರು. ಮತ್ತೆ ಮನಸ್ಸು ಸ್ವಚ್ಛ ಇಟ್ಕೋಬೇಕು.”

ನಾನು ಅಡುಗೆಮನೆಯಲ್ಲಿ ಸೌಟು ಕಚ್ಚಿಕೊಂಡು ನಕ್ಕೆ.

ಇವರು ಕೇಳಿದರು, “ಅಮ್ಮನ ಮುಖಕ್ಕೆ ಏನಾದ್ರೂ ಹಚ್ತಿದ್ದೀಯಾ?”

“ನಾನಾ? ನಾನೇನೂ ಹಚ್ಚಿಲ್ಲ.”

ಸುಳ್ಳಲ್ಲ.

ಮೇ 19

ಡೈರೆಕ್ಟರಿಗೆ ಫೋಟೊ ತೋರಿಸಿಬಿಟ್ಟೆ. ಫೋನ್ ಕಿತ್ತುಕೊಂಡು ದೊಡ್ಡದು ಮಾಡಿ ನೋಡಿದರು. “ಕಮಿಟಿಗೆ ಆಮೇಲೆ ಹೇಳೋಣ. ಮನೆಯಲ್ಲಿ ಅವರಾಗೇ ಹಚ್ಕೊಂಡ್ರು, ಅಷ್ಟೇ ತಾನೆ? ಮೇಡಂ, ಜೂನ್ ಹತ್ತೊಂಬತ್ತಕ್ಕೆ ಅವರನ್ನೇ ಕರ್ಕೊಂಡ್ಬನ್ನಿ. ಸ್ಲೈಡ್ ಯಾರಿಗೆ ಬೇಕು!” ಆಮೇಲೆ ನನ್ನನ್ನು ನೋಡಿ, “ನೀವೂ ಇತ್ತೀಚೆಗೆ ಕಳೆಕಳೆಯಾಗಿದ್ದೀರಿ,” ಎಂದರು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಮುಖದ ಬಗ್ಗೆ ಒಳ್ಳೆಯ ಮಾತು ಆಡಿದ್ದು. ಗೆದ್ದವರ ಮುಖ ಬೇರೆಯೇ ಇರುತ್ತದೆ. ಸಂಜೆ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡೆ. ನಿಜ.

ಮೇ 30

ಅತ್ತೆ ಇವತ್ತು ಹಾಡು ಗುನುಗುತ್ತಿದ್ದರು. ನನಗೆ ಚಹಾ ಮಾಡಿಕೊಟ್ಟರು. ಸಕ್ಕರೆ ಮರೆತಿದ್ದರು, ಆದರೂ ಕುಡಿದೆ. “ಬಿಸಿಲಿಗೆ ಓಡಾಡ್ತೀಯ, ಮುಖಕ್ಕೆ ಏನಾದ್ರೂ ಹಚ್ಕೊಳ್ಳೇ,” ಎಂದರು. “ಹಚ್ಕೋತೀನಲ್ಲ ಅತ್ತೆ, ನೀಲಿ ಡಬ್ಬಿದು, ದಿನಾ ಬೆಳಿಗ್ಗೆ,” ಎಂದೆ. “ಹೂಂ, ಅದನ್ನೇ. ಬಿಡಬೇಡ.” ಏನು ನಾಟಕವೋ!

ಕೆನ್ನೆಯಲ್ಲಿ ಸ್ವಲ್ಪ ಕಡಿತ. ಲ್ಯಾಬಿನ ಎಸಿ ಗಾಳಿ.

ಜೂನ್ 9, ಬೆಳಿಗ್ಗೆ

ಪತ್ರಿಕೆಗೆ ಲೇಖನ ಕಳಿಸುವ ಮುನ್ನ ಕೋಶಗಳ ಡಿಎನ್‌ಎ ಗುರುತು ಪರೀಕ್ಷೆ ಆಗಬೇಕು. ಹೊರಗಿನ ಲ್ಯಾಬಿಗೆ ಕಳಿಸಿದ್ದೆ. ಜೊತೆಗೆ ಅತ್ತೆಯ ಉಗುಳು, ಮತ್ತೆ ನಿಯಮದಂತೆ ಆ ಕೋಣೆಯಲ್ಲಿ ಕೆಲಸ ಮಾಡುವವರ ಉಗುಳು. ಯಾರದಾದರೂ ಬೆರೆತಿದೆಯೋ ನೋಡಲು.

ವರದಿ ನನ್ನ ಮೇಲ್‌ಗೆ ಬಂದಿದೆ. “ಅತ್ತೆ-17” ಅತ್ತೆಯದಲ್ಲ.

ನನ್ನದು.

ಜೂನ್ 9, ಸಂಜೆ

ಮುಚ್ಚಳ. ಮಾರ್ಚ್ 12. ರಿಮೋಟ್.

ಅತ್ತೆ-17ರ ಮುಚ್ಚಳ ನನ್ನ ಬಾಟಲಿಗೆ ಹೋಯಿತು. ಹಾಗಾದರೆ ನನ್ನ ಮುಚ್ಚಳ ಎಲ್ಲಿಗೆ ಹೋಯಿತು? ಎಳೆಯದಾಗಿ ಬೆಳೆದದ್ದು ನಾನು — ಹದಿನೇಳರ ಹನಿಯೂ ಸೋಕದ ನಾನು. ಊದಿಕೊಂಡು, ಹರಿದು, ತೇಲಿ ಸತ್ತದ್ದು ನಾನಲ್ಲ. ಅದು ಹದಿನೇಳು ಕುಡಿದ ಅತ್ತೆ.

ಇಲಿಯ ಮಾತು ಬೇರೆ; ಹದಿನೇಳು ಮನುಷ್ಯರ ಮುದಿ ಚರ್ಮವನ್ನು ಎಳೆಯದು ಮಾಡುವುದಿಲ್ಲ, ಕೊಲ್ಲುತ್ತದೆ. ಮೊದಲು ಉಬ್ಬಿಸಿ, ನಯ ಮಾಡಿ, ಆಮೇಲೆ. ಅದು ಮಾರ್ಚಿನಲ್ಲೇ ನನ್ನ ಕಣ್ಣೆದುರು ಇತ್ತು. ನಾನೇ ಬ್ಲೀಚ್ ಸುರಿದೆ, ಅದು ನನ್ನ ಮುಖ ಎಂದುಕೊಂಡು.

ಅತ್ತೆಯ ಕೆನ್ನೆ ಉಬ್ಬಿದೆ. ನಯವಾಗಿದೆ.

ಹೀಗೆ ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ — ಮೊದಲು ಬಂದದ್ದು ಸಂತೋಷ. ನಾನು ಒಳಗೆ ಎಳೆಯವಳೇ. ಬಾಟಲಿ ತುಂಬ ಎಳೆಯವಳು. ಆಮೇಲೆ ಬಂದದ್ದು ಭಯ. ಅತ್ತೆಯ ನೆನಪು ಮೂರನೆಯದಾಗಿ ಬಂತು.

ಜೂನ್ 10

ಇವತ್ತು ಹೇಳಬೇಕು. ಡಬ್ಬಿ ಎಸೆಯಬೇಕು.

ಹೇಳಿದರೆ: ಫಲಿತಾಂಶ ಹೋಯಿತು, ಹತ್ತೊಂಬತ್ತರ ಸಭೆ ಹೋಯಿತು, ಲ್ಯಾಬ್ ಹೋಯಿತು. ಹಚ್ಚಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ಕೆಲಸ ಹೋಗಿ ಮನೆಯಲ್ಲಿ ಕೂತ ಸೊಸೆ, ಎದುರಿಗೆ ಅತ್ತೆ, ಮುಖಕ್ಕೆ ವಿಷ ಹಚ್ಚಿದವಳು ಎಂಬ ಹೆಸರು. ಸಾಯುವವರೆಗೆ ಹಂಗಿಸುತ್ತಾರೆ. ಅವರು ಬೇಗ ಸಾಯುವವರೂ ಅಲ್ಲ.

ಹೇಳದಿದ್ದರೆ: ಒಂಬತ್ತು ದಿನ. ಇಲ್ಲಿಯವರೆಗೆ ಆಗದ್ದು ಒಂಬತ್ತು ದಿನದಲ್ಲಿ ಆಗುತ್ತದೆಯೇ? ಬಾಟಲಿಯಲ್ಲಿ ಆದದ್ದೆಲ್ಲ ಮೈಯಲ್ಲಿ ಆಗಬೇಕೆಂದಿಲ್ಲ. ಹದಿನೆಂಟು ವರ್ಷದಿಂದ ದುಡ್ಡು ಹಾಕುವವರಿಗೆ ಇದನ್ನೇ ಉಲ್ಟಾ ಹೇಳುತ್ತಾ ಬಂದಿದ್ದೇನೆ.

ಊಟಕ್ಕೆ ಕೂತಾಗ ಅತ್ತೆ ಕೆನ್ನೆ ಕೆರೆದುಕೊಂಡರು. “ಸ್ವಲ್ಪ ಉರಿ ಕಣೇ.”

“ಸೆಖೆ ಅತ್ತೆ,” ಎಂದೆ.

ಜೂನ್ 13

ನಾಳೆ ಹೇಳುತ್ತೇನೆ.

ಜೂನ್ 16

ಹೇಳಲಿಲ್ಲ.

ಜೂನ್ 19, ಸಂಜೆ

ದೊಡ್ಡ ಹಾಲ್. ಸೂಟಿನವರು. ಅತ್ತೆ ಮೊದಲ ಸಾಲಿನಲ್ಲಿ, ಬೀರುವಿನ ತಳದಿಂದ ತೆಗೆದ ರೇಷ್ಮೆ ಉಟ್ಟು, ನೆಟ್ಟಗೆ ಕೂತಿದ್ದರು. ಹಣೆಯ ಒಂದು ಕಡೆ ತೆಳ್ಳಗೆ ಸಿಪ್ಪೆ ಎದ್ದಿತ್ತು. ಬೆಳಿಗ್ಗೆ ನಾನೇ ಪೌಡರ್ ಹಚ್ಚಿ ಮುಚ್ಚಿದೆ. ನನ್ನ ಕೈಯನ್ನು ಅವರು ಅಷ್ಟು ಹೊತ್ತು ಮುಖದ ಮೇಲೆ ಇರಗೊಟ್ಟದ್ದು ಇದೇ ಮೊದಲು. “ನಿನ್ನ ಕೈ ತಣ್ಣಗಿದೆ, ಹಿತವಾಗಿದೆ,” ಎಂದು ಕಣ್ಣು ಮುಚ್ಚಿಕೊಂಡರು.

ಸ್ಲೈಡುಗಳಾದ ಮೇಲೆ ಡೈರೆಕ್ಟರ್ ಅವರನ್ನು ವೇದಿಕೆಗೆ ಕರೆದರು. ದೀಪದ ಕೆಳಗೆ ಮುಖ ಥಳಥಳ. ಸೂಟಿನವರಲ್ಲಿ ಒಬ್ಬ, ಮುಟ್ಟಬಹುದೇ ಎಂದು ಕೇಳಿ, ಕೆನ್ನೆ ಮುಟ್ಟಿದ. ನೋವಾಯಿತು. ನಾನು ನೋಡಿದೆ, ಕಣ್ಣಂಚು ನಡುಗಿತು. ಆದರೆ ಶೋಕೇಸಿನ ಫೋಟೊದ ನಗು ಬಿಡಲಿಲ್ಲ.

ಮೈಕ್ ಕೊಟ್ಟರು. ಅತ್ತೆ ಹೇಳಿದ್ದು ಇಷ್ಟೇ: “ಇವಳನ್ನ ನಾನು ಬಹಳ ಆಡಿಕೊಂಡಿದ್ದೀನಿ. ಬಹಳ. ಈ ವಯಸ್ಸಲ್ಲಿ ನನಗೆ ಮುಖ ವಾಪಸ್ ಕೊಟ್ಳು. ನನ್ನ ಸೊಸೆ.”

ಚಪ್ಪಾಳೆ. ಎದ್ದು ನಿಂತರು ಜನ. ಆ ಎರಡು ಪದಕ್ಕೆ ನಾನು ಇಪ್ಪತ್ತೆರಡು ವರ್ಷ ಕಾದಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು. ಹೇಳಬೇಕೆಂದು ಬಾಯಿ ತೆರೆದೆ. “ಥ್ಯಾಂಕ್ಸ್ ಅತ್ತೆ,” ಎಂದೆ.

ಮೂರು ವರ್ಷಕ್ಕೆ ದುಡ್ಡು ಸಿಕ್ಕಿತು. ಡೈರೆಕ್ಟರ್ ಖುಷಿಗೆ ಅತ್ತೆಯ ಕೈಗೆ ದೊಡ್ಡ ಡಬ್ಬಿಯೊಂದನ್ನು ಉಡುಗೊರೆ ಕೊಟ್ಟರು. ಮುಲಾಮು ಮೊನ್ನೆ ತಾನೇ ಕಲಸಿದ್ದು. ಮನೆಯವರೆಗೂ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದರು. ಕಿತ್ತುಕೊಳ್ಳಬಹುದಿತ್ತು. ಕಾರಿನಲ್ಲಿ ಇವರಿದ್ದರು.

ಜುಲೈ 3

ಬರೆಯಲಾಗಿಲ್ಲ.

ಇಪ್ಪತ್ತೆಂಟಕ್ಕೆ ಅತ್ತೆ ದಿಂಬಿನಿಂದ ಮುಖ ಎತ್ತಲಿಲ್ಲ. ಎತ್ತಿದಾಗ ಬಲಗೆನ್ನೆಯ ಮೇಲ್ಪದರ ದಿಂಬಿನಲ್ಲೇ ಉಳಿಯಿತು. ಕಿರುಚಲೂ ಇಲ್ಲ. “ಇದೇನೇ ಇದು?” ಎಂದು ದಿಂಬನ್ನು ನೋಡುತ್ತಾ ಕೂತಿದ್ದರು. ಇವರು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾನು.

ಸುಟ್ಟಗಾಯದ ವಾರ್ಡ್. ಸಕ್ಕರೆ ಕಾಯಿಲೆ ಬೇರೆ, ಕೀವು ಹಿಡಿದಿದೆ. ಅಲರ್ಜಿ ಇರಬಹುದು ಎಂದು ಅದಕ್ಕೇ ಔಷಧ ಕೊಡುತ್ತಿದ್ದಾರೆ. “ಏನಾದ್ರೂ ಹೊಸದು ಹಚ್ಚಿದ್ರಾ?” ಎಂದು ಡಾಕ್ಟರ್ ಕೇಳಿದರು. “ವಯಸ್ಸಾದವರು, ಏನೇನೋ ಹಚ್ಕೋತಾರೆ,” ಎಂದೆ. ಅದಕ್ಕೂ ಮೊದಲು ಎರಡೂ ಬಿಳಿ ಡಬ್ಬಿಗಳನ್ನು ಲ್ಯಾಬಿಗೆ ಕೊಂಡುಹೋಗಿ ಬ್ಲೀಚ್ ಸುರಿದಿದ್ದೆ. ಈ ಕೆಲಸ ಅಭ್ಯಾಸವಾಗಿದೆ.

ಏನು ಹಚ್ಚಿದ್ದು ಎಂದು ಗೊತ್ತಾದರೆ ಡಾಕ್ಟರ್ ಬೇರೆ ಔಷಧ ಕೊಡುತ್ತಿದ್ದರೇನೋ. ಹದಿನೇಳರಲ್ಲಿ ಏನಿದೆ ಎಂದು ಈ ಆಸ್ಪತ್ರೆಯಲ್ಲಿ ಹೇಳಬಲ್ಲವಳು ನಾನೊಬ್ಬಳೇ.

ಜುಲೈ 5, ಮಧ್ಯಾಹ್ನ

ಆಸ್ಪತ್ರೆ. ಇವರು ಊಟಕ್ಕೆ ಹೋಗಿದ್ದರು. ಮುಖಕ್ಕೆಲ್ಲ ಬ್ಯಾಂಡೇಜು, ಒಂದು ಕಣ್ಣು, ಬಾಯಿಗೊಂದು ಸಂದು. ಮಾತಾಡಿದರೆ ನೋಯುತ್ತದೆ, ಆದರೂ ಮಾತಾಡಿದರು.

“ಡಾಕ್ಟ್ರಿಗೆ ಹೇಳಿಲ್ಲ ಕಣೇ. ಕ್ರೀಮ್ ವಿಷಯ.”

“ಯಾಕೆ ಅತ್ತೆ?”

“ನಿನ್ನ ಕೆಲಸಕ್ಕೆ ಏನಾದ್ರೂ ಆದ್ರೆ? ತಪ್ಪು ನಂದೇ. ಮುಟ್ಟಬೇಡ ಅಂದಿದ್ದೆ ನೀನು. ಆಸೆಬುರುಕಿ ನಾನು, ಜಾಸ್ತಿ ಹಚ್ಚಿಬಿಟ್ಟೆ. ಮಾಡಿದ್ದುಣ್ಣೋ ಮಹರಾಯ ಅಂತ.”

ನಾನು ಗ್ಲೂಕೋಸಿನ ಹನಿ ನೋಡುತ್ತಾ ನಿಂತೆ.

“ನಿನಗೆ ಏನೂ ಆಗ್ಲಿಲ್ವಲ್ಲ? ಅದೇ ನೆಮ್ಮದಿ.”

“ನನಗ್ಯಾಕೆ ಆಗುತ್ತೆ ಅತ್ತೆ?”

ಒಂಟಿ ಕಣ್ಣಿನಲ್ಲಿ ತುಂಟತನ ಬಂತು. ಆ ಫೋಟೊದ ಕಣ್ಣು.

“ನನಗೆ ಇಷ್ಟು ಚೆನ್ನಾಗಿ ಹಿಡೀತಲ್ಲ, ನೀನು ಮಾತ್ರ ಹಂಗೇ ಒಣಗಿಕೊಂಡು ಓಡಾಡ್ತಿದ್ದೆ. ಪಾಪ ಅನ್ನಿಸ್ತು. ಹಚ್ಕೋ ಅಂದ್ರೆ ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ? ಅದಕ್ಕೇ ನಿನ್ನ ನೀಲಿ ಡಬ್ಬಿಗೆ ದಿನಾ ಚೂರು ಚೂರು ಹಾಕಿ ಕಲಸಿಡ್ತಿದ್ದೆ. ಮೇ ತಿಂಗಳಿಂದ. ಎಲ್ಲರೂ ಕಳೆಕಳೆ ಅಂತಿದ್ರಲ್ಲ — ಅತ್ತೆ ಕೈಗುಣ ಕಣೇ ಅದು.”

ಜುಲೈ 6, ಬೆಳಿಗ್ಗೆ

ನೀಲಿ ಡಬ್ಬಿ ಎದುರಿಗಿದೆ. ತಳ ಕಾಣುತ್ತಿದೆ. ನಿನ್ನೆ ಬೆಳಿಗ್ಗೆಯೂ ಹಚ್ಚಿಕೊಂಡು ಹೋಗಿದ್ದೆ.

ಹದಿನೇಳು ಎಂಬತ್ತೊಂದನ್ನು ಕೊಲ್ಲುತ್ತದೆ. ನಲವತ್ತಾರನ್ನು? ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾಲ್ಕನೇ ಬಾಟಲಿ ಮಾಡಿದ್ದರೆ ಗೊತ್ತಿರುತ್ತಿತ್ತು. ನಾನೇನು ಮುದುಕಿನಾ ಎಂದೆನಲ್ಲ. ಈಗ ಮಾಡಿದರೂ ಫಲ ಗೊತ್ತಾಗಲು ವಾರಗಳು ಬೇಕು, ಮುಖಕ್ಕೆ ಅಷ್ಟು ದಿನ ಇದೆಯೋ ಇಲ್ಲವೋ.

ಕನ್ನಡಿಯ ಮುಂದೆ ಕೂತೇ ಬರೆಯುತ್ತಿದ್ದೇನೆ. ಕಣ್ಣಿನ ಪಕ್ಕ ಗೆರೆಯೇ ಇಲ್ಲ. ಚೆನ್ನಾಗಿದ್ದೇನೆ. ಜೀವಮಾನದಲ್ಲಿ ಇಷ್ಟು ಚೆನ್ನಾಗಿರಲಿಲ್ಲ. ಎಡಗೆನ್ನೆ ಒತ್ತಿದರೆ ಗುಳಿ ಬೀಳುತ್ತದೆ, ನಿಧಾನವಾಗಿ ಮೇಲೆ ಬರುತ್ತದೆ. ಉರಿ ಇದೆ. ಸೆಖೆ ಇರಬಹುದು.

ಇವರು ಬಾಗಿಲು ಬಡಿಯುತ್ತಿದ್ದಾರೆ. ಆಸ್ಪತ್ರೆಯಿಂದ ಫೋನಂತೆ. “ಅಮ್ಮಂಗೆ ಜಾಸ್ತಿ ಆಗಿದೆ. ಏನು ಹಚ್ಚಿದ್ರು ಅಂತ ಗೊತ್ತಾದ್ರೆ ಏನಾದ್ರೂ ಮಾಡಬಹುದಂತೆ. ನಿನಗೇನಾದ್ರೂ ಗೊತ್ತಾ? ಬೇಗ ಹೇಳು!” ಅಳುತ್ತಿದ್ದಾರೆ. ಪೇಪರ್ ಇಲ್ಲದ ಮುಖ ನೋಡಿ ಎಷ್ಟು ವರ್ಷವಾಯಿತು.

ಹೇಳುತ್ತೇನೆ. ಈಗ ಹೇಳಲೇಬೇಕು. ಏನು ಕೊಟ್ಟರೆ ಇದು ನಿಲ್ಲುತ್ತದೆ ಎಂದು ಮೊದಲು ಅತ್ತೆಯ ಮೇಲೆ ನೋಡಬೇಕಲ್ಲ, ನನಗೆ ಹಚ್ಚುವ ಮುಂಚೆ. ಬಂದೆ, ಒಂದು ನಿಮಿಷ ಎಂದೆ. ಬಲಗೆನ್ನೆಯನ್ನೂ ಒಮ್ಮೆ ಒತ್ತಿ ನೋಡಿ—